ಮಾದಪ್ಪಣ್ಣ ಕೊಟ್ಟ ಶಿಫಾರಸು

ತಮಿಳುನಾಡಿನ ಗಡಿಯೊಳಗಿದ್ದೂ ಕನ್ನಡವಾಡುವ ನಮ್ಮ ಗೆಟ್ಟವಾಡಿಯ ಹುಡುಗಿಯೊಬ್ಬಳು ಕೊಯಮತ್ತೂರಿನ ಒಂದು ವೀಸಾ ಕಚೇರಿಗೆ ಕೆಲಸಕ್ಕೆ ಸೇರುತ್ತಿದ್ದಾಳೆ. ಹೋದ ಭಾನುವಾರ ಮನೆಗೆ ಬಂದವಳು, "ಅತ್ತೆ, ನೀವು ಅಷ್ಟು ವರ್ಸ ಇದೇ ಕೆಲ್ಸ ಮಾಡಿದ್ರಲ್ಲ, ನಾನು ಮೊದ್ಲು ಏನ್ ಕಲ್ತ್ಕಬೇಕು ಏಳಿ" ಎಂದಳು. ನಾನು ಹಿಂದೆಮುಂದೆ ಯೋಚಿಸದೆ, "ಅರ್ಜಿ ಹಾಕುವವನ ಜೊತೆ ಮಾತಾಡಿದ್ದಕ್ಕಿಂತ ಹೆಚ್ಚು ಹೊತ್ತು, ಅವನ ಬಗ್ಗೆ ಫೋನಿನಲ್ಲಿ ಉತ್ತರ ಕೊಡುವವರ ಜೊತೆ ಮಾತಾಡು" ಎಂದುಬಿಟ್ಟೆ. ಅವಳು ಕಾಫಿ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದಳು. ವಿವರಿಸಲು ಹೋದರೆ ಮಾದಪ್ಪಣ್ಣನ ಕಥೆಯನ್ನೇ ಹೇಳಬೇಕು, ಅದಕ್ಕೆ ಅವಳ ಬಸ್ಸಿನ ಹೊತ್ತು ಸಾಲದು. ಹಾಗಾಗಿ ಬರೆಯುತ್ತಿದ್ದೇನೆ.

ಬರೆಯುವ ಮುಂಚೆ ಒಂದು ಎಚ್ಚರಿಕೆ. ನಾನು ಕಾಲೇಜಿನ ದಿನಗಳಿಂದ ದಿನಚರಿ ಬರೆಯುವವಳು. ಅದರಿಂದ ನನ್ನ ನೆನಪು ಗಟ್ಟಿ ಎಂದು ಜನ ನಂಬುತ್ತಾರೆ. ಆದದ್ದು ಅದರ ತಿರುಗುಮುರುಗು. ಹಳೆಯ ಪುಟ ತೆರೆದಾಗಲೆಲ್ಲ ನನ್ನ ನೆನಪು ಎಷ್ಟು ಸಲೀಸಾಗಿ ಬಣ್ಣ ಬಳಿಯುತ್ತದೆ ಎಂಬುದು ನನಗೇ ಗೊತ್ತಾಗುತ್ತದೆ. ಭೋರೆಂದು ಮಳೆ ಸುರಿಯುತ್ತಿತ್ತು ಎಂದು ನಾನು ಹತ್ತಾರು ಜನರ ಮುಂದೆ ಹೇಳಿದ ದಿನದ ಪುಟದಲ್ಲಿ "ಬಿಸಿಲು, ಕರೆಂಟ್ ಇಲ್ಲ" ಎಂದಷ್ಟೇ ಇರುತ್ತದೆ. ಆದ್ದರಿಂದ ಇಲ್ಲಿ ಮಳೆ ಬಂದರೆ ಪೂರ್ತಿ ನಂಬಬೇಡಿ.

ಮೈಸೂರಿನಲ್ಲಿ ಅರ್ಥಶಾಸ್ತ್ರ ಎಂ.ಎ. ಮಾಡಿ, ಮದುವೆಯಾಗಿ ಕೊಯಮತ್ತೂರಿಗೆ ಹೋದ ಮೇಲೆ ಈ ಕೆಲಸಕ್ಕೆ ಸೇರಿದೆ. ಹೊರದೇಶಕ್ಕೆ ಹೋಗಿ ನೆಲೆಸಬೇಕೆನ್ನುವವರ ಕಾಗದಪತ್ರ ಜೋಡಿಸುವುದು ನನ್ನ ಕೆಲಸ. ಕಾನೂನಿನ ಸಲಹೆ ಕೊಡುವವರು ಆಸ್ಟ್ರೇಲಿಯಾದಲ್ಲಿದ್ದ ನಮ್ಮ ನೋಂದಾಯಿತ ಏಜೆಂಟರು. ಕಚೇರಿ ನಡೆಸುತ್ತಿದ್ದವರು ಸೆಲ್ವಂ ಸಾರ್. ನಾನು ಸೇರಿದ ಕಾಲದಲ್ಲಿ ಪ್ರತಿ ಕಾಗದಕ್ಕೂ ನೋಟರಿ ಮುದ್ರೆ ಒತ್ತಿಸಿ, ಕಟ್ಟು ಕಟ್ಟಿ ಕೊರಿಯರ್ ಮಾಡಬೇಕಿತ್ತು. ಕಟ್ಟು ದಪ್ಪವಿದ್ದಷ್ಟೂ ಧೈರ್ಯ. ಆಮೇಲೆ ಸ್ಕ್ಯಾನರ್ ಬಂತು, ದಪ್ಪಕ್ಕೆ ಬೆಲೆ ಹೋಯಿತು. ಕೊನೆಕೊನೆಗೆ ಪರೀಕ್ಷೆ, ಸಂದರ್ಶನ ಎಲ್ಲ ಮೊಬೈಲಿನ ಒಳಗೇ ನಡೆಯತೊಡಗಿದವು. ಕೊರೊನಾ ಬಂದುಹೋದ ಮೇಲೆ ಸೆಲ್ವಂ ಸಾರ್ ನನಗೆ ಊರಿನಿಂದಲೇ ಕೆಲಸ ಮಾಡಲು ಬಿಟ್ಟರು. ಹಾಗೆ ನಾನೂ ನಮ್ಮ ಯಜಮಾನರೂ ಗೆಟ್ಟವಾಡಿಗೆ ಮರಳಿದೆವು. ಈ ಕಥೆ ನಡೆದದ್ದು ನಾನು ನಿವೃತ್ತಳಾಗುವ ಮುಂಚಿನ ಕೊನೆಯ ವರ್ಷದಲ್ಲಿ.

ಪ್ರಾದೇಶಿಕ ವೀಸಾ ಎಂದರೆ ಏನು ಎಂದು ಮೊದಲು ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾ ಎಂದೊಡನೆ ಎಲ್ಲರಿಗೂ ದೊಡ್ಡ ನಗರ ಬೇಕು. ಆದರೆ ಆ ದೇಶಕ್ಕೆ ಕೈಕೆಲಸದವರ ಕೊರತೆ ಇರುವುದು ದೂರದ ಸಣ್ಣ ಊರುಗಳಲ್ಲಿ. ಅಂಥ ಕಡೆಯ ಒಂದು ರಾಜ್ಯವೋ, ಒಬ್ಬ ಮಾಲೀಕನೋ "ಈ ಮನುಷ್ಯ ನಮಗೆ ಬೇಕು" ಎಂದು ಪ್ರಾಯೋಜಿಸಿದರೆ ಹೆಂಡತಿ ಮಕ್ಕಳ ಸಮೇತ ಹೋಗಬಹುದು. ಕೆಲವು ವರ್ಷ ಅಂಥ ಊರಲ್ಲೇ ಇದ್ದು ದುಡಿದರೆ ಮುಂದೆ ಕಾಯಂ ಆಗುವ ದಾರಿ ತೆರೆಯುತ್ತದೆ. ಅದಕ್ಕೆ ಕಸುಬಿನ ಪರೀಕ್ಷೆ ಪಾಸಾಗಬೇಕು, ಇಂಗ್ಲಿಷ್ ಬರಬೇಕು, ನಲವತ್ತೈದು ತುಂಬುವ ಮುಂಚೆ ಅರ್ಜಿ ಹಾಕಿರಬೇಕು. ನಾನು ಬಿಟ್ಟ ಮೇಲೆ ನಿಯಮ ಎಷ್ಟು ಬದಲಾಗಿದೆಯೋ ಗೊತ್ತಿಲ್ಲ, ಹೊಸಬರು ನೋಡಿಕೊಳ್ಳಬೇಕು.

ಈ ಸಣ್ಣ ಊರಿನ ವಿಷಯದಲ್ಲಿ ನಮ್ಮ ಕಚೇರಿ ನಗೆಪಾಟಲಾದದ್ದು ಒಂದೆರಡು ಸಲವಲ್ಲ. "ಈ ಪ್ರದೇಶದಲ್ಲೇ ಏಕೆ ನೆಲೆಸಬೇಕೆಂದಿದ್ದೀರಿ" ಎಂದು ಒಂದು ಪುಟ ಬರೆದುಕೊಡಬೇಕಿತ್ತು. ಈರೋಡಿನ ಲೇತ್ ಕೆಲಸದ ಹುಡುಗನೊಬ್ಬ ಇಂಟರ್ನೆಟ್ಟಿನಿಂದ ಎತ್ತಿ, ಆ ಊರಿನ ಕಡಲ ತೀರದಲ್ಲಿ ಬೆಳಿಗ್ಗೆ ಓಡುವುದು ತನ್ನ ಬಾಲ್ಯದ ಕನಸು ಎಂದು ಬರೆದ. ನಮ್ಮ ಏಜೆಂಟರು ಅಲ್ಲಿಂದ ಫೋನ್ ಮಾಡಿ, "ಸರೋಜಾ, ಆ ಊರಿನಿಂದ ಕಡಲಿಗೆ ಇಡೀ ದಿನ ಕಾರು ಓಡಿಸಬೇಕು. ನಿಮ್ಮ ಹುಡುಗ ಬೆಳಿಗ್ಗೆ ಓಡುವುದಾದರೆ ಎಷ್ಟು ಗಂಟೆಗೆ ಏಳುತ್ತಾನೆ ಕೇಳಿ" ಎಂದರು.

ಅದಾದ ಮೇಲೆ ನಾನು ಯಾರಿಗೂ ಆ ಪುಟವನ್ನು ಬರೆದುಕೊಡಲಿಲ್ಲ. ನಿಮ್ಮೂರಲ್ಲಿ ನೀವು ಹೇಗೆ ಬದುಕುತ್ತೀರೋ ಅದನ್ನು ಬರೆಯಿರಿ ಎನ್ನುತ್ತಿದ್ದೆ. ತಾಳಮಲೆಯ ನರ್ಸ್ ಒಬ್ಬಳು ಬರೆದಳು: ನಮ್ಮ ಬಸ್ಸು ತಪ್ಪಿದರೆ ಆ ದಿನ ತಪ್ಪಿದಂತೆ, ಕತ್ತಲಾದರೆ ಘಾಟಿ ರಸ್ತೆ ಪ್ರಾಣಿಗಳದ್ದು, ಆದ್ದರಿಂದ ಮನೆಯಲ್ಲಿ ಔಷಧ ಇಟ್ಟುಕೊಳ್ಳುವುದೂ ಅಕ್ಕಪಕ್ಕದವರ ಗಾಡಿ ಕೇಳುವುದೂ ನಮಗೆ ಅಭ್ಯಾಸ, ನಿಮ್ಮ ಊರು ದೂರ ಎಂದು ನಾನು ಹೆದರುವುದಿಲ್ಲ. ಇಷ್ಟೇ. ಏಜೆಂಟರು ಒಂದು ಅಕ್ಷರ ತಿದ್ದದೆ ಕಳಿಸಿದರು. ದೂರದಲ್ಲಿ ಬದುಕುವುದು ನಮ್ಮ ಬೆಟ್ಟದವರಿಗೆ ಹುಟ್ಟಿನಿಂದ ಬಂದ ವಿದ್ಯೆ, ಅದನ್ನು ಅರ್ಹತೆ ಎಂದು ತಿಳಿದವರು ಕಡಿಮೆ.

ಇನ್ನೊಂದು ಪೆಟ್ಟು ಬಿದ್ದದ್ದು ಮಾಲೀಕರು ಬರೆದುಕೊಡುವ ಅನುಭವಪತ್ರದ ವಿಷಯದಲ್ಲಿ. ಸೆಲ್ವಂ ಸಾರ್ ಹತ್ತಿರ ಒಂದು ಸಿದ್ಧ ಮಾದರಿ ಇತ್ತು. ಹೆಸರು ಬದಲಿಸಿದರೆ ಯಾರಿಗಾದರೂ ಹೊಂದುತ್ತಿತ್ತು. ಒಂದೇ ಹೋಟೆಲಿನ ಇಬ್ಬರು ಅಡುಗೆಯವರಿಗೆ "ಇಡೀ ಅಡುಗೆಮನೆಯ ಹೊಣೆ ಇವರೊಬ್ಬರದೇ" ಎಂಬ ಪತ್ರ ಹೋಯಿತು. ಕಸುಬಿನ ಅರ್ಹತೆ ಅಳೆಯುವ ಸಂಸ್ಥೆಯ ಪರಿಶೀಲನೆಯವರು ಹೋಟೆಲ್ ಮಾಲೀಕನಿಗೆ ಫೋನ್ ಮಾಡಿ, ಇಬ್ಬರಲ್ಲಿ ಹೊಣೆ ಯಾರದ್ದು ಎಂದರು. ಆತ ಸತ್ಯವಂತ. "ಇಬ್ಬರದ್ದೂ ಅಲ್ಲ, ನನ್ನ ಹೆಂಡತಿಯದ್ದು" ಎಂದ. ಎರಡೂ ಅರ್ಜಿ ಬಿದ್ದುಹೋದವು. ಅಂದಿನಿಂದ ನಾನು ಪ್ರತಿಯೊಬ್ಬರ ಒಂದು ದಿನದ ಕೆಲಸವನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಬಾಯಿಬಿಟ್ಟು ಹೇಳಿಸಿ, ಅದನ್ನೇ ಪತ್ರಕ್ಕೆ ಇಳಿಸುತ್ತಿದ್ದೆ.

ಇಷ್ಟೆಲ್ಲ ಕಲಿತಿದ್ದವಳ ಕೈಗೆ ತಿಗನಾರೆಯ ಸಿದ್ದರಾಜು ಸಿಕ್ಕ.

ಸಿದ್ದರಾಜು ವೆಲ್ಡರ್. ಐ.ಟಿ.ಐ. ಓದಿ, ಕುವೈತಿನಲ್ಲಿ ಕೆಲವು ವರ್ಷ ದುಡಿದು, ಊರಿಗೆ ಬಂದು ತಾಳವಾಡಿಯ ಮಾದಪ್ಪಣ್ಣನ ವೆಲ್ಡಿಂಗ್ ಶಾಪಿನಲ್ಲಿ ಕೆಲಸಕ್ಕಿದ್ದ. ಟ್ರಾಕ್ಟರ್ ಟ್ರೇಲರ್, ತೋಟದ ಗೇಟು, ಹಂದಿ ತಡೆಯುವ ಬೇಲಿ ಅವನ ಕೈಕೆಲಸ. ಕುವೈತಿನ ಸ್ನೇಹಿತನೊಬ್ಬನ ಮೂಲಕ ಆಸ್ಟ್ರೇಲಿಯಾದ ಗೋಧಿ ಸೀಮೆಯ ಒಬ್ಬ ಮಾಲೀಕ ಅವನಿಗೆ ಗೊತ್ತಾಗಿದ್ದ. ಕೊಯ್ಲಿನ ಯಂತ್ರ ರಿಪೇರಿ ಮಾಡುವ ಆತ ಪ್ರಾಯೋಜಿಸಲು ಒಪ್ಪಿದ್ದ. ಅಂಥ ಒಪ್ಪಿಗೆ ಸಿಗುವುದೇ ಅಪರೂಪ.

ಮೊದಲ ದಿನ ಹೆಂಡತಿ ರತ್ನಳನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಮನೆಗೆ ಬಂದ.

"ಯಾಕೆ ಹೋಗಬೇಕು ಸಿದ್ದರಾಜು, ಇಲ್ಲೇ ಕೆಲಸ ಇದೆಯಲ್ಲ?" ಎಂದು ಕೇಳಿದೆ. ಎಲ್ಲರಿಗೂ ಕೇಳುವ ಪ್ರಶ್ನೆ ಅದು.

ಅವನು ಉತ್ತರಿಸುವ ಮುಂಚೆ ರತ್ನ ಹೇಳಿದಳು: "ಕುವೈತ್‌ನಿಂದ ಬಂದ್ ದಿನ ದೊಡ್ಡವ್ಳು ಇವ್ರ ನೋಡಿ ಒಳೀಕೆ ಓಡೋದ್ಲು ಅಕ್ಕ. ಯಾರೋ ಮಾಮ ಬಂದವ್ರೆ ಅಂದ್ಲು. ಈಗ ಇಲ್ಲಿ ಕೆಲ್ಸ ಕಮ್ಮಿಯಾದಾಗೆಲ್ಲ ತಿರುಪ್ಪೂರು, ಕೊಯಮತ್ತೂರು ಅಂತ ಓಯ್ತಾರೆ. ಮಕ್ಳು ಅಪ್ಪನ್ನ ಬಾನುವಾರ ನೋಡಾದು."

"ದೂರ ಓದ್ರೂ ಸರಿ ಅಕ್ಕ," ಎಂದ ಸಿದ್ದರಾಜು. "ನಾಕು ಜನ್ವೂ ಒಂದೇ ಮನೇಲಿ ಮಲಗ್ಬೇಕು. ಅಷ್ಟೇ ನಂಗ ಬೇಕಾಗಿರಾದು."

ಅವನ ಜನ್ಮದಿನಾಂಕ ನೋಡಿದೆ. ಮುಂದಿನ ಶಿವರಾತ್ರಿಯ ಆಸುಪಾಸಿನಲ್ಲಿ ನಲವತ್ತೈದು ತುಂಬುತ್ತಿತ್ತು. ಕಸುಬಿನ ಪರೀಕ್ಷೆಯ ಫಲಿತಾಂಶ ಕೈಗೆ ಬಾರದೆ ವೀಸಾ ಅರ್ಜಿ ಹಾಕುವಂತಿಲ್ಲ. ಪರೀಕ್ಷೆಯಲ್ಲಿ ಒಮ್ಮೆ ಬಿದ್ದರೆ ಮತ್ತೆ ಕೂರುವಷ್ಟರಲ್ಲಿ ವಯಸ್ಸು ದಾಟಿಬಿಡುತ್ತದೆ. ಆಮೇಲೆ ಎಂಥ ವೆಲ್ಡಿಂಗ್ ಮಾಡಿದರೂ ಆ ಬಾಗಿಲು ತೆರೆಯುವುದಿಲ್ಲ. ಇದನ್ನು ಬಿಡಿಸಿ ಹೇಳಿದಾಗ ರತ್ನ ಮಕ್ಕಳನ್ನು ಅಂಗಳಕ್ಕೆ ಕಳಿಸಿದಳು.

ಇಂಥ ಕಡೆ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದೇ ಉಪಾಯ. ಹೆಚ್ಚು ಕಾಲ ತಿನ್ನುವುದನ್ನು ಮೊದಲು ಶುರುಮಾಡಬೇಕು. ಕಸುಬಿನ ಪರೀಕ್ಷೆಗೆ ಹಾಕಿಸಿ, ಅದು ಅಲ್ಲಿ ಬೇಯುತ್ತಿರುವಾಗ ಇಂಗ್ಲಿಷ್ ಪರೀಕ್ಷೆಗೆ ಕೂರಿಸಿದೆ. ಮೊದಲ ಸಲ ಬರವಣಿಗೆಯಲ್ಲಿ ಸ್ವಲ್ಪ ಕಡಿಮೆ ಬಂತು. ಎರಡನೇ ಸಲ ದಾಟಿದ. ಮಾತಿನ ಪರೀಕ್ಷೆಯಲ್ಲಿ ನಿಮಗೆ ಇಷ್ಟವಾದ ಜಾಗದ ಬಗ್ಗೆ ಹೇಳಿ ಎಂದಾಗ ದಿಂಬಂ ಘಾಟಿಯ ಮೇಲಿನ ಟೀ ಅಂಗಡಿಯ ಬಗ್ಗೆ ಹೇಳಿದನಂತೆ. ನಿಲ್ಲಿಸಿ ಎನ್ನುವವರೆಗೂ ಹೇಳಿದನಂತೆ.

ಇಂಗ್ಲಿಷಿಗಿಂತ ಕಷ್ಟವಾದದ್ದು ಅವನ ವಿನಯ. ವಿಡಿಯೋದಲ್ಲಿ ಪರಿಣತರು ಕಸುಬಿನ ಪ್ರಶ್ನೆ ಕೇಳುತ್ತಾರೆ. ಅದಕ್ಕೆ ನಮ್ಮ ಮನೆಯ ಜಗಲಿಯಲ್ಲಿ ಅಭ್ಯಾಸ ಮಾಡಿಸುತ್ತಿದ್ದೆ.

"ತಲೆಯ ಮೇಲಿನ ಜಾಯಿಂಟ್ ವೆಲ್ಡ್ ಮಾಡಲು ಬರುತ್ತದಾ?"

"ಟ್ರೈ ಮಾಡ್ತೀನಿ ಸಾರ್."

"ಸಿದ್ದರಾಜು, ಟ್ರೈ ಅನ್ನಬೇಡ. ಮಾಡುತ್ತೇನೆ ಅನ್ನು. ನಿನಗೆ ಬರುತ್ತದೋ ಇಲ್ಲವೋ?"

"ಬತ್ತದೆ ಅಕ್ಕ. ಕುವೈತ್‌ಲಿ ಅದ್ನೇ ಮಾಡ್ತಿದ್ದದ್ದು."

"ಹಾಗಾದರೆ ಟ್ರೈ ಅನ್ನುವುದನ್ನು ಬಿಡು."

"ಆಗ್ಲಿ ಅಕ್ಕ, ಟ್ರೈ ಮಾಡ್ತೀನಿ."

ರತ್ನ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಿಜವಾದ ಸಂದರ್ಶನದಲ್ಲಿ ಪರಿಣತರು ಬರುತ್ತದಾ ಎಂದು ಕೇಳಲೇ ಇಲ್ಲ, ಹೇಗೆ ಮಾಡುತ್ತೀರಿ ಎಂದು ಕೇಳಿದರು. ಹೇಗೆ ಎಂದರೆ ಅವನಿಗೆ ನಾಲಿಗೆ ತಾನಾಗಿ ಹೊರಳುತ್ತದೆ. ಕೈಕೆಲಸದ ಪರೀಕ್ಷೆಗೆ ಕೊಯಮತ್ತೂರಿಗೆ ಹೋಗಿ ಅದನ್ನೂ ಮುಗಿಸಿ ಬಂದ. ಉಳಿದದ್ದು ಒಂದೇ, ಮಾಲೀಕರಿಗೆ ಬರುವ ಪರಿಶೀಲನೆಯ ಫೋನು. ಮಾದಪ್ಪಣ್ಣನ ಅನುಭವಪತ್ರ ನಾನೇ ಕೂತು ಬರೆಸಿದ್ದು. ಅದರಲ್ಲಿ ಸಿದ್ದರಾಜು ಬೆಳಿಗ್ಗೆ ಶಟರ್ ಎತ್ತಿದಾಗಿನಿಂದ ಮಾಡುವ ಕೆಲಸವೆಲ್ಲ ಇತ್ತು. ಮಾದಪ್ಪಣ್ಣ ಓದಿಸಿಕೊಂಡು ಕೇಳಿ, ತಲೆಯಾಡಿಸಿ ಸಹಿ ಹಾಕಿದ್ದರು. ಇನ್ನೇನು ಆಗುತ್ತದೆ ಎಂದು ನಾನು ನಿಶ್ಚಿಂತೆಯಾಗಿದ್ದೆ.

ಒಂದು ಮಧ್ಯಾಹ್ನ ತಾಳವಾಡಿಗೆ ಹೋದಾಗ ಶಾಪಿನ ಮುಂದೆ ಮಾದಪ್ಪಣ್ಣ ಕೈಬೀಸಿ ಕರೆದರು. ಎಪ್ಪತ್ತರ ಹತ್ತಿರದ ಮನುಷ್ಯ, ನಗುವಾಗ ಇಡೀ ಮೈ ಅಲುಗುತ್ತದೆ.

"ಸರೋಜವ್ವ, ನಿಮ್ಮೋರ ಫೋನ್ ಬಂದಿತ್ತು ಕಣವ್ವ. ಒಂದು ಎಣ್ಮಗ್ಳು. ತಮಿಳ್ನಲ್ಲಿ ಬಲೇ ನಯವಾಗಿ ಮಾತಾಡ್ತು. ನಾನೂ ಅಚ್ಚುಕಟ್ಟಾಗಿ ಏಳ್ಬುಟ್ಟೆ."

"ಏನು ಹೇಳಿದಿರಿ ಮಾದಪ್ಪಣ್ಣ?"

"ಸಿದ್ದರಾಜು ಕೆಲ್ಸ ಎಂಗೆ ಅಂದ್ಲು. ಏನೋ ಮಾಡ್ತಾನೆ ಕಣವ್ವ, ಪರ್ವಾಗಿಲ್ಲ, ಇನ್ನೂ ಕಲೀಬೇಕು ಅಂದೆ."

"ಆಮೇಲೆ?"

"ದೊಡ್ಡ ಕೆಲ್ಸ ಒಬ್ನೇ ಮಾಡ್ತಾನಾ ಅಂದ್ಲು. ಒಬ್ನೇ ಎಂಗೆ ಮಾಡಾನು, ನಾವೆಲ್ಲ ಇಲ್ವಾ ಅಂದೆ."

"ಅಯ್ಯೋ. ಆಮೇಲೆ?"

"ಕೊನೇಗೆ ಒಂದು ಕೇಳುದ್ಲು ನೋಡವ್ವ, ನಂಗ ಕ್ವಾಪನೇ ಬಂತು. ಅವ್ನು ಮತ್ತೆ ಬಂದ್ರೆ ಕೆಲ್ಸಕ್ಕ ಸೇರುಸ್ಕತ್ತೀರಾ ಅಂದ್ಲು. ಸುತರಾಂ ಇಲ್ಲ ಅಂದ್ಬುಟ್ಟೆ!"

ಹೇಳಿ, ಒಂದು ಗಂಡಾಂತರ ತಪ್ಪಿಸಿದವರಂತೆ ನನ್ನನ್ನು ನೋಡಿದರು. ನಾನು ಅಲ್ಲಿದ್ದ ಎಣ್ಣೆ ಡಬ್ಬದ ಮೇಲೆ ಕುಳಿತೆ.

"ಯಾಕೆ ಹಾಗಂದಿರಿ ಮಾದಪ್ಪಣ್ಣ? ಪತ್ರದಲ್ಲಿ ಅಷ್ಟು ಚೆನ್ನಾಗಿ ಬರೆಸಿದ್ದೆವಲ್ಲ?"

"ಬರ್ಯಾದು ಬೇರೆ, ಬಾಯಲ್ಲಿ ಅನ್ನಾದು ಬೇರೆ ಅಲ್ವಾ? ದೊಡ್ಡ ದಾರಿ ಇಡ್ದು ಓಗೋನು. ಇಂಥೋನು ಜಿಲ್ಲೇಲೇ ಇಲ್ಲ ಅಂತ ನಾನು ಒಗಳ್ಬುಟ್ಟು, ದಿಷ್ಟಿಯಾಗಿ ಕೈಗಿಯ್ ಸುಟ್ಕಂಡ್ರೆ? ಮತ್ತೆ ಬಂದ್ರೆ ಅಂತ ಕೇಳಾದಾ? ಓಗೋಕ್ ಮುಂಚೇನೇ ವಾಪಸ್ ಬಾ ಅಂತ ಅನ್ಸೋಕ್ ನೋಡ್ತಾಳೆ ಆವಮ್ಮ. ನಾನು ಬುಟ್ನಾ?"

ಅವರ ಮುಖದಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ನಾನೂ ಇದೇ ಮಣ್ಣಿನವಳು. ಹೊರಟವರನ್ನು ಎಲ್ಲಿಗೆ ಎಂದು ಕೇಳದ, ತೊಟ್ಟಿಲ ಮಗುವನ್ನು ಚೆಂದ ಎನ್ನದ, ಬೆಳೆ ಕಣಕ್ಕೆ ಬರುವ ತನಕ ಚೆನ್ನಾಗಿದೆ ಎನ್ನದ ಮನೆಯಲ್ಲಿ ಬೆಳೆದವಳು. ಅರ್ಜಿದಾರನಿಗೆ ವಾರಗಟ್ಟಲೆ ಬಾಯಿ ಬಿಡಿಸಿದೆ. ಅವನಿಗಾಗಿ ಬಾಯಿ ಬಿಡಬೇಕಾದವರೂ ಇದೇ ಊರಿನವರು ಎಂಬುದು ಹೊಳೆದಿರಲಿಲ್ಲ.

ನಾನು ಹೆದರಿದಂತೆಯೇ ಆಯಿತು. ಮೌಲ್ಯಮಾಪಕರಿಂದ ಇಮೇಲ್ ಬಂತು: ಮಾಲೀಕರು ಫೋನಿನಲ್ಲಿ ಹೇಳಿದ್ದಕ್ಕೂ ಪತ್ರದಲ್ಲಿ ಇರುವುದಕ್ಕೂ ತಾಳೆಯಾಗುತ್ತಿಲ್ಲ, ವಿವರಣೆ ಕೊಡಿ. ಸಿದ್ದರಾಜುವಿಗೆ ಹೇಳಿದಾಗ ಅವನು ಮಾದಪ್ಪಣ್ಣನನ್ನು ಒಂದು ಮಾತೂ ಅನ್ನಲಿಲ್ಲ. "ಬುಡಿ ಅಕ್ಕ, ಅವ್ರು ನನ್ ಒಳ್ಳೇದಕ್ಕೇ ಏಳವ್ರೆ" ಎಂದ. ರತ್ನ ಮಾತ್ರ, "ಅಂಗಾರೆ ಶಿವರಾತ್ರಿ ಕಳದ್ರೆ ಮುಗೀತಾ ಅಕ್ಕ?" ಎಂದು ಕೇಳಿದಳು.

ಸೆಲ್ವಂ ಸಾರ್‌ಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಅವರದ್ದು ಯಾವಾಗಲೂ ತಯಾರಿದ್ದ ಉಪಾಯ.

"ಮೇಡಂ, ಸುಲಭ. ಮಾಲೀಕರಿಗೆ ಕಿವಿ ಕೇಳಲ್ಲ, ಪ್ರಶ್ನೆ ಅರ್ಥವಾಗಲಿಲ್ಲ ಅಂತ ಬರೆದುಬಿಡಿ."

"ಸಾರ್, ಅವರ ಕಿವಿ ಗ್ರೈಂಡರ್ ಸದ್ದಿನ ನಡುವೆ ಹಾರ್ನ್ ಕೇಳಿ ಯಾವ ಬಸ್ಸು ಅಂತ ಹೇಳುತ್ತದೆ. ಮತ್ತೆ ಫೋನ್ ಮಾಡಿದರೆ ಸಿಕ್ಕಿಬೀಳುತ್ತೇವೆ. ಸುಳ್ಳು ಸಿಕ್ಕಿದರೆ ಸಿದ್ದರಾಜುವಿಗೆ ಈ ಬಾಗಿಲೊಂದೇ ಅಲ್ಲ, ಎಲ್ಲ ಬಾಗಿಲೂ ಮುಚ್ಚುತ್ತವೆ."

"ಮತ್ತೆ ಏನು ಬರೀತೀರಿ?"

"ನಡೆದದ್ದು."

ಸೆಲ್ವಂ ಸಾರ್ ನಿಟ್ಟುಸಿರಿಟ್ಟರು. "ದೃಷ್ಟಿ ಬೀಳುತ್ತದೆ ಅಂತ ಆಸ್ಟ್ರೇಲಿಯಾಕ್ಕೆ ಬರೀತೀರಾ? ಬರೀರಿ. ನೀವು ಹೇಗೂ ರಿಟೈರ್ ಆಗ್ತೀರಿ, ಅವರು ನಗೋದು ನನ್ನನ್ನು ನೋಡಿ."

ಬರೆದೆ. ನಮ್ಮ ಕಡೆ ಹೊಸ ಕೆಲಸಕ್ಕೆ ಹೊರಟವನನ್ನು ಹಿರಿಯರು ಬಾಯಿತುಂಬ ಹೊಗಳುವುದಿಲ್ಲ, ಹೊಗಳಿದರೆ ಅವನಿಗೆ ಕೇಡು ಎಂಬ ನಂಬಿಕೆ ಇದೆ. ಮತ್ತೆ ಸೇರಿಸಿಕೊಳ್ಳುತ್ತೀರಾ ಎಂದರೆ ಅವನು ಸೋತು ಮರಳಲಿ ಎಂದು ಹಾರೈಸಿದಂತೆ ಕೇಳಿಸುತ್ತದೆ. ದಯವಿಟ್ಟು ವಿಡಿಯೋದಲ್ಲಿ ಮತ್ತೊಮ್ಮೆ ಕರೆ ಮಾಡಿ, ಮನುಷ್ಯನ ಬಗ್ಗೆ ಕೇಳುವ ಬದಲು ಅವನು ಮಾಡಿದ ಕೆಲಸವನ್ನು ತೋರಿಸಲು ಹೇಳಿ. ಇಷ್ಟನ್ನೇ ಬರೆದದ್ದು. ಅದು ಜಾಣತನವೋ ಹುಚ್ಚುತನವೋ ನನಗೆ ಈಗಲೂ ಗೊತ್ತಿಲ್ಲ. ಗೆದ್ದದ್ದರಿಂದ ಜಾಣತನದಂತೆ ಕಾಣುತ್ತಿದೆ, ಅಷ್ಟೇ.

ಮತ್ತೊಮ್ಮೆ ಕರೆ ಮಾಡುತ್ತೇವೆ ಎಂದು ಉತ್ತರ ಬಂತು. ಆದರೆ ಮಾದಪ್ಪಣ್ಣ ಒಪ್ಪಬೇಕಲ್ಲ!

"ಆಗ್ಲೇ ಒಂದ್ಸಲ ಏಳಿವ್ನಿ. ಈಗ ಬೇರೆ ಏಳುದ್ರೆ ಸುಳ್ಳಾಗಲ್ವಾ?"

"ಸುಳ್ಳು ಬೇಡ ಮಾದಪ್ಪಣ್ಣ. ಇರುವುದನ್ನೇ ಹೇಳಿ."

"ಇರಾದು ಏಳುದ್ರೆ ಒಗಳ್ದಂಗೇ ಆಯ್ತದಲ್ಲವ್ವ!"

ಅಷ್ಟರಲ್ಲಿ ಶಾಪಿನ ಹಿಂದಿನ ಮನೆಯಿಂದ ಅವರ ಹೆಂಡತಿ ಗೌರಕ್ಕ ಬಂದರು. ಮುಂದಿನ ಉಪಾಯ ಯಾರದ್ದು ಎಂಬುದರ ಬಗ್ಗೆ ನನಗೂ ಗೌರಕ್ಕನಿಗೂ ಇವತ್ತಿಗೂ ಒಮ್ಮತವಿಲ್ಲ. ಮೊದಲೇ ದೃಷ್ಟಿ ತೆಗೆದುಬಿಟ್ಟರೆ ಹೇಗೆ ಎಂದು ನಾನು ಕೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ನಾನು ಎಣ್ಣೆ ಡಬ್ಬದ ಮೇಲೆ ಕೂತು ಬೆಪ್ಪಾಗಿ ನೋಡುತ್ತಿದ್ದೆ, ಹೇಳಿದವರು ತಾವೇ ಎನ್ನುತ್ತಾರೆ ಗೌರಕ್ಕ. ಆ ದಿನದ ದಿನಚರಿಯಲ್ಲಿ "ಗೌರಕ್ಕನ ಮನೆಯಲ್ಲಿ ಕಾಫಿ, ಹುರಿಗಾಳು" ಎಂದು ಬಿಟ್ಟರೆ ಬೇರೇನೂ ಇಲ್ಲ. ಸ್ಪಷ್ಟವಾಗಿ ನೆನಪಿರುವುದೇ ನನಗೆ ಅನುಮಾನ ತರುವುದರಿಂದ, ಗೌರಕ್ಕನದ್ದೇ ಇರಬೇಕು.

ಕರೆ ಬರುವ ದಿನ ಬೆಳಿಗ್ಗೆ ಶಾಪಿನಲ್ಲಿ ಸಿದ್ದರಾಜುವನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಗೌರಕ್ಕ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಅವನಿಗೆ ನಿವಾಳಿಸಿದರು. ಆಮೇಲೆ ಏನನ್ನೋ ಯೋಚಿಸಿ, ಬೆಂಚಿನ ಮೇಲಿದ್ದ ನನ್ನ ಮೊಬೈಲಿಗೂ ಒಂದು ಸುತ್ತು ನಿವಾಳಿಸಿದರು.

"ಅದ್ಕ್ ಯಾಕಮ್ಮೀ?" ಎಂದರು ಮಾದಪ್ಪಣ್ಣ.

"ಮಾತೆಲ್ಲ ಇದ್ರಲ್ಲೇ ತಾನೆ ಓಗಾದು? ನೀವ್ ಸುಮ್ಕಿರಿ" ಎಂದು ಗೌರಕ್ಕ ಒಳಗೆ ಹೋಗಿ ಎಲ್ಲವನ್ನೂ ಒಲೆಗೆ ಹಾಕಿದರು. ಘಾಟು ಶಾಪಿಗೂ ಬಂತು. ಎಲ್ಲರೂ ಕೆಮ್ಮಿದೆವು. ಕೆಮ್ಮು ಬಂದದ್ದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಮುಗಿಯುವ ಮುಂಚೆ ಫೋನ್ ಗುನುಗಿತು.

ಅದೇ ಹೆಣ್ಣುಮಗಳು, ಜೊತೆಗೆ ಇಂಗ್ಲಿಷ್ ಮಾತಾಡುವ ಒಬ್ಬ ಅಧಿಕಾರಿ. ಕೆಲಸ ತೋರಿಸಿ ಎಂದರು. ಮಾದಪ್ಪಣ್ಣ ಮೊಬೈಲನ್ನು ಆರತಿ ತಟ್ಟೆಯಂತೆ ಎರಡು ಕೈಯಲ್ಲಿ ಹಿಡಿದು ಹೊರಟರು. ನಾನು ಹಿಂದಿನಿಂದ, "ಸ್ವಲ್ಪ ಮೇಲೆತ್ತಿ, ನೆಲ ಕಾಣಿಸುತ್ತಿದೆ" ಎನ್ನುತ್ತ ನಡೆದೆ. ಅವರ ತಮಿಳನ್ನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಈ ಟ್ರೇಲರ್ ನೋಡವ್ವ. ಕೋಸು ತುಂಬಿ, ಆಲೂಗಡ್ಡೆ ತುಂಬಿ, ಏರ್ಬಾರದಷ್ಟು ಏರಿ ಘಾಟಿ ಇಳ್ಸವ್ರೆ. ಚಕ್ರ ಬದ್ಲಾಯ್ಸಿದ್ದೀವಿ, ಅಲಗೆ ಬದ್ಲಾಯ್ಸಿದ್ದೀವಿ. ವೆಲ್ಡಿಂಗ್ ಒಂದ್ಕಡೆ ಬುಟ್ಟಿಲ್ಲ. ಬಗ್ಗಿ ನೋಡು... ನೀ ಎಂಗೆ ಬಗ್ಗಿಯೆ, ತಾಳು, ಫೋನ್ನೇ ಬಗ್ಗುಸ್ತೀನಿ."

ಟ್ರೇಲರಿನ ಅಡಿಯನ್ನು ತೋರಿಸಿ, ಮೈಗೆ ಅಂಟಿದ ದೂಳು ಕೊಡವಿ, ಶಾಪಿನ ಗೋಡೆಗೆ ಒರಗಿಸಿದ್ದ ಒಂದು ಸೊಟ್ಟ ಗೇಟಿನ ಹತ್ತಿರ ಹೋದರು.

"ಇದು ತಿಗನಾರೆ ತೋಟದ್ದು. ಆನೆ ತಳ್ತು ಕಣವ್ವ. ಕಲ್ ಕಂಬ ಮುರೀತು. ಕಂಬಿ ಬಗ್ತು. ವೆಲ್ಡಿಂಗ್ ಬುಡ್ನಿಲ್ಲ. ನಾನೇನೂ ಏಳಲ್ಲ, ಆನೆನೇ ಕೇಳ್ಕೋ."

ಆಕೆ ಅದನ್ನು ಅಧಿಕಾರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಆತ ಏನೋ ಕೇಳಿದ. ಇದನ್ನು ಮಾಡಿದ್ದು ಸಿದ್ದರಾಜು ಒಬ್ಬನೇ ತಾನೇ ಎಂದು ಆಕೆ ಕೇಳಿದಳು.

"ಇನ್ಯಾರು? ನಾನು ಅಳತೆ ಇಡ್ಕೊಡೋನು. ಕೈ ಅವ್ನದ್ದೇ."

ಕೊನೆಗೆ ಆ ಪ್ರಶ್ನೆ ಬಂದೇ ಬಂತು. ಅದು ಅವರ ಪಟ್ಟಿಯಲ್ಲಿ ಇತ್ತು, ಕೇಳದೆ ವಿಧಿಯಿಲ್ಲ. ಅವಕಾಶ ಸಿಕ್ಕರೆ ಇವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ?

ರತ್ನ ಬಾಗಿಲ ಹತ್ತಿರ ಕಂಬ ಹಿಡಿದು ನಿಂತಿದ್ದಳು. ಸಿದ್ದರಾಜು ತನ್ನ ಬೂಟು ನೋಡುತ್ತಿದ್ದ. ಗೌರಕ್ಕ ಗಂಡನಿಗೆ ಕಣ್ಣಲ್ಲೇ ಏನೋ ಹೇಳುತ್ತಿದ್ದರು. ಮಾದಪ್ಪಣ್ಣ ಮೊಬೈಲನ್ನು ಕೆಳಗಿಳಿಸಿದರು. ನೆಲ ಕಾಣಿಸುತ್ತಿದೆ ಎನ್ನಲು ನನಗೂ ಧೈರ್ಯವಾಗಲಿಲ್ಲ. ಆಮೇಲೆ ಅವರು ಮೊಬೈಲನ್ನು ಮೂಲೆಯಲ್ಲಿದ್ದ ವೆಲ್ಡಿಂಗ್ ಮಿಷೀನಿನ ಕಡೆ ತಿರುಗಿಸಿದರು.

"ಅವ್ನು ಓದ್ ಕಡೆ ಚೆನ್ನಾಗಿರ್ಲಿ ಕಣವ್ವ, ವಾಪಸ್ ಬಾ ಅಂತ ಮಾತ್ರ ನನ್ ಬಾಯಲ್ಲಿ ಅನ್ನುಸ್ಬ್ಯಾಡ. ಈ ಮಿಷೀನ್ ಅವ್ನದ್ದು. ಅವ್ನು ಓದ್ಮೇಲೆ, ಅಂಥಾ ಕೈ ಇನ್ನೊಂದು ಸಿಗೋಗಂಟ ಇದ್ನ ಯಾರ್ಗೂ ಮುಟ್ಟಾಕ್ ಕೊಡಲ್ಲ. ಇಷ್ಟ್ರಲ್ಲಿ ನೀವೇ ತಿಳ್ಕಳಿ."

ಆಕೆ ಇಂಗ್ಲಿಷಿಗೆ ತಿರುಗಿಸುವಾಗ ಅವಳ ದನಿ ಸ್ವಲ್ಪ ಮೆತ್ತಗಾಯಿತು ಎಂದು ನನ್ನ ನೆನಪು. ಅದು ನೆಟ್‌ವರ್ಕಿನ ತೊಂದರೆಯೂ ಇದ್ದೀತು. ಅಧಿಕಾರಿ ನಕ್ಕು, ಧನ್ಯವಾದ ಹೇಳಿ, "ಆನೆಗೂ" ಎಂದ. ಅದನ್ನು ನಾವೆಲ್ಲ ಕೇಳಿದೆವು, ಅದರ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಫಲಿತಾಂಶ ಶಿವರಾತ್ರಿಗೆ ಮುಂಚೆಯೇ ಬಂತು. ಪಾಸು. ಏಜೆಂಟರು ಆ ವಾರವೇ ವೀಸಾ ಅರ್ಜಿ ಹಾಕಿದರು. ವಯಸ್ಸಿನ ಗಡಿಯಾರ ಅಲ್ಲಿಗೆ ನಿಂತಿತು. ಆಮೇಲೆ ಕಾದದ್ದು ದೀರ್ಘವೇ, ಆದರೆ ಅದು ಬರೀ ಕಾಯುವುದು. ನಾನು ನಿವೃತ್ತಳಾದ ಮೇಲೆ ನಾಲ್ವರ ವೀಸಾವೂ ಬಂತು. ಸುದ್ದಿ ಹೇಳಲು ಸಿದ್ದರಾಜು ಮನೆಗೆ ಬಂದವನು ನೇರವಾಗಿ ಹೇಳಲಿಲ್ಲ. ಕೂತ, ನೀರು ಕುಡಿದ, ನಮ್ಮ ಕೊಟ್ಟಿಗೆಯ ಬಾಗಿಲು ಕಿರುಗುಟ್ಟುವುದನ್ನು ನೋಡಿ ಬಂದ. ಆಮೇಲೆ, "ಏನೋ ಬಂದದೆಯಂತೆ ಅಕ್ಕ" ಎಂದ.

ಹೊರಡುವ ದಿನ ಮಾದಪ್ಪಣ್ಣ ಅವನನ್ನು ಎಲ್ಲಿಗೆ ಎಂದು ಕೇಳಲಿಲ್ಲ, ಯಾವಾಗ ಬರುತ್ತೀಯ ಎಂದೂ ಕೇಳಲಿಲ್ಲ. "ಓಗ್ಬುಟ್ ಬಾ" ಎನ್ನುವುದು ಎಲ್ಲರ ಬಾಯಲ್ಲೂ ಬರುವ ಮಾತು, ಅದನ್ನೂ ನುಂಗಿಕೊಂಡು, "ಕನ್ನಡಕ ಆಕ್ಕಂಡು ಮಾಡ್ಲಾ ಕೆಲ್ಸವ" ಎಂದಷ್ಟೇ ಅಂದರು.

ಹೋದ ಹೊಸದರಲ್ಲಿ ಸಿದ್ದರಾಜುವಿನ ಫೋನ್ ಬಂತು. ದನಿ ಬಾಡಿತ್ತು.

"ಅಕ್ಕ, ಇಲ್ಲಿ ಕೆಲ್ಸ ಉಳ್ಯಾದು ಅನುಮಾನ. ಯಜಮಾನ್ರು ನಾನು ಏನ್ ಮಾಡಿದ್ರೂ ಬಂದು ನೋಡಿ, ನಾಟ್ ಬ್ಯಾಡ್, ಪರ್ವಾಗಿಲ್ಲ ಅಂತಾರೆ. ಅಷ್ಟೇ. ಚೆನ್ನಾಗದೆ ಅಂತ ಒಂದ್ ದಿನ್ವೂ ಅಂದಿಲ್ಲ."

ನನಗೂ ಅಳುಕಾಯಿತು. ಪ್ರಾಯೋಜಿಸಿದ ಮಾಲೀಕ ಕೈಬಿಟ್ಟರೆ ವೀಸಾಕ್ಕೂ ತೊಂದರೆ. ಬೇರೆ ಮಾಲೀಕರನ್ನು ಹುಡುಕಲು ಅಲ್ಪ ಅವಧಿಯಷ್ಟೇ ಸಿಗುತ್ತದೆ. ಏಜೆಂಟರನ್ನು ವಿಚಾರಿಸುತ್ತೇನೆ ಎಂದೆ. ಅವರು ಕೇಳಿ ಜೋರಾಗಿ ನಕ್ಕುಬಿಟ್ಟರು. "ಸರೋಜಾ, ಆ ಸೀಮೆಯ ಹಳಬರು ಬಾಯಿಂದ ಅದಕ್ಕಿಂತ ಹೆಚ್ಚು ಹೊಗಳಿಕೆ ತೆಗೆಯುವುದಿಲ್ಲ. ಪರವಾಗಿಲ್ಲ ಅಂದರೆ ಬಹಳ ಚೆನ್ನಾಗಿದೆ ಅಂತ ಅರ್ಥ."

ಸಿದ್ದರಾಜುವಿಗೆ ಇದನ್ನು ಹೇಳಿದೆ. "ಅಂಗಾರೆ ಇವ್ರೂ ನಮ್ ಮಾದಪ್ಪಣ್ಣನ ತರದೋರೇ ಕಣಕ್ಕ" ಎಂದವನ ದನಿ ಅರಳಿತು. ಮರುದಿನ ಶಾಪಿಗೆ ಹೋಗಿ ಮಾದಪ್ಪಣ್ಣನಿಗೂ ಹೇಳಿದೆ. ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ಬುದ್ವಂತ ಜನ ಕಣವ್ವ. ಇನ್ನು ಭಯ ಇಲ್ಲ" ಎಂದರು. ಮೂಲೆಯ ಮಿಷೀನಿಗೆ ಗೋಣಿಚೀಲ ಹೊದಿಸಿತ್ತು.

ಮೊನ್ನೆ ಇದನ್ನು ಬರೆಯಲು ಕೂತಾಗ, ನೆನಪು ಸರಿಯಿದೆಯೇ ಎಂದು ಕೇಳಲು ಸಿದ್ದರಾಜುವಿಗೆ ನಾನೇ ಫೋನ್ ಮಾಡಿದೆ. ಅಲ್ಲಿ ಊಟದ ಹೊತ್ತು. ತಟ್ಟೆಯ ಸದ್ದು, ದೊಡ್ಡವಳು ಚಿಕ್ಕವಳ ತಟ್ಟೆಯಿಂದ ಏನನ್ನೋ ಕಸಿದದ್ದು, ಚಿಕ್ಕವಳು "ಅಪ್ಪಾ, ನೋಡಪ್ಪ ಇವ್ಳ" ಎಂದದ್ದು, ರತ್ನ ಇಬ್ಬರಿಗೂ ಸೇರಿಸಿ ಗದರಿದ್ದು ಎಲ್ಲ ಒಟ್ಟಿಗೆ ಕೇಳಿಸಿತು.

"ಎಲ್ಲರೂ ಹೇಗಿದ್ದೀರಿ ಸಿದ್ದರಾಜು?"

"ಏನೋ ಇದ್ದೀವಿ ಅಕ್ಕ. ಪರ್ವಾಗಿಲ್ಲ."

ನಾನು ಮುಂದೆ ಕೇಳಲಿಲ್ಲ. ಕೇಳಿದರೆ ದೃಷ್ಟಿಯಾದೀತು.